ತೋಳಿನ ಪಟ್ಟಿಯೂ ರಕ್ತನಾಳದ ಆರೋಗ್ಯವೂ

ಗುಂಡಗುರ್ತಿ, ಚಿತ್ತಾಪುರ, ವಾಡಿ, ಸೇಡಂ, ಯಾವ ಊರಿನ ದವಾಖಾನೆಗೆ ಹೋದರೂ ಮೊದಲು ತೋಳಿಗೆ ಸುತ್ತುವುದು ಬಿ.ಪಿ. ಪಟ್ಟಿ. ಮೈತೂಕ ಹೆಚ್ಚಿದವರ ರಕ್ತನಾಳ ಹೇಗಿದೆ ಎಂದು ಸೂಜಿ ಚುಚ್ಚದೆ ತಿಳಿಯುವ ವಿದ್ಯೆ ಬಹುಮಟ್ಟಿಗೆ ಈ ಪಟ್ಟಿಯಿಂದಲೇ ಬೆಳೆಯಿತು.

1896ರಲ್ಲಿ ಇಟಲಿಯ ವೈದ್ಯ ರಿವಾ-ರೋಚಿ ಸೈಕಲ್ ಟ್ಯೂಬನ್ನು ತೋಳಿಗೆ ಸುತ್ತಿ ಗಾಳಿ ತುಂಬಿದರು. ಮಣಿಕಟ್ಟಿನ ನಾಡಿ ನಿಂತಾಗಿನ ಒತ್ತಡವನ್ನು ಪಾದರಸದ ಕೊಳವೆಯಲ್ಲಿ ಓದಿದರು. ಆ ಪಟ್ಟಿ ಸುಮಾರು 5 ಸೆಂ.ಮೀ. ಅಗಲ. ದಪ್ಪ ತೋಳಿನವರಿಗೆ ಇಲ್ಲದ ಒತ್ತಡವನ್ನೂ ತೋರಿಸುತ್ತಿತ್ತು. 1901ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ ಅದನ್ನು ಅಗಲ ಮಾಡಿದರು. ಪಟ್ಟಿ ಸಾಲದ ಈ ತೊಂದರೆ ಇವತ್ತಿಗೂ ಇದೆ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಆವರಿಸಬೇಕು. ಸಾಲದಿದ್ದರೆ ದೊಡ್ಡ ಪಟ್ಟಿ ಕೇಳಿ, ಸಂಕೋಚ ಬೇಡ.

ಒತ್ತಡವೇನೋ ಗೊತ್ತಾಯಿತು, ನಾಳದ ಗುಣ? ಗಡುಸಾದ ನಾಳದಲ್ಲಿ ನಾಡಿಯ ಅಲೆ ವೇಗವಾಗಿ ಓಡುತ್ತದೆ. ಇದರ ಲೆಕ್ಕವನ್ನು 1922ರಲ್ಲಿ ಬ್ರಾಮ್‌ವೆಲ್ ಮತ್ತು ಹಿಲ್ ಕೊಟ್ಟರು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದಾಗ 435 ಮಂದಿಯನ್ನು ಹುಡುಕಿ ಈ ಅಲೆಯ ವೇಗವನ್ನು ಅಳೆದರು. 2000ದಲ್ಲಿ ವರದಿ ಬಂತು: ಸಣ್ಣಗೆ ಹುಟ್ಟಿದವರ ನಾಳ ಮುಂದೆ ಗಡುಸಾಗುತ್ತದೆ ಎಂಬ ಊಹೆಗೆ ಇಲ್ಲಿ ಆಧಾರ ಸಿಗಲಿಲ್ಲ. ಹಳೆಯ ದಾಖಲೆಯನ್ನು ಜೋಪಾನ ಮಾಡಿದವರ ಶ್ರಮಕ್ಕೆ ನನಗೆ ತುಂಬ ಗೌರವ.

1980ರಲ್ಲಿ ಅಮೆರಿಕದ ಫರ್ಚ್‌ಗಾಟ್ ಮೊಲದ ರಕ್ತನಾಳದಲ್ಲಿ ಕಂಡದ್ದು ಇನ್ನೊಂದು ಸಂಗತಿ. ಒಳಪದರ ಉಜ್ಜಿಹೋದರೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೂ ನಾಳ ಸಡಿಲವಾಗುವುದಿಲ್ಲ. ಆ ಪದರ ನೈಟ್ರಿಕ್ ಆಕ್ಸೈಡ್ ಹೊರಬಿಟ್ಟು ನಾಳವನ್ನು ಹಿಗ್ಗಿಸುತ್ತದೆಂದು ಮುಂದೆ ತಿಳಿಯಿತು. ಈ ಶೋಧಕ್ಕೆ 1998ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಾಗಲೇ, 1992ರಲ್ಲಿ, ಲಂಡನ್ನಿನಲ್ಲಿ ಸೆಲೆರ್‌ಮೇಜರ್ ಮತ್ತು ಸಂಗಡಿಗರು ಅದೇ ಪಟ್ಟಿಗೆ ಹೊಸ ಕೆಲಸ ಕೊಟ್ಟಿದ್ದರು. ಮಲಗಿದವರ ತೋಳಿನ ನಾಳವನ್ನು ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ, ಪಟ್ಟಿಯನ್ನು ಐದು ನಿಮಿಷ ಬಿಗಿದು ಬಿಡುತ್ತಾರೆ. ಕೈ ಜುಮ್ಮೆನ್ನುತ್ತದೆ, ತಡೆದ ರಕ್ತ ನುಗ್ಗುತ್ತದೆ, ಆರೋಗ್ಯವಂತ ನಾಳ ಹಿಗ್ಗುತ್ತದೆ. ಹೊಟ್ಟೆಯ ಬೊಜ್ಜು ಇರುವವರಲ್ಲಿ ಆ ಹಿಗ್ಗು ಕಡಿಮೆ; ಎದೆನೋವು ಬರುವ ಎಷ್ಟೋ ಮೊದಲೇ ಇದು ಕಾಣಬಹುದು.

ಊಟ, ಕಾಫಿ, ಬೀಡಿಯಿಂದಲೂ ಫಲಿತಾಂಶ ಬದಲಾಗುವುದರಿಂದ ಈ ಪರೀಕ್ಷೆ ಹೆಚ್ಚಾಗಿ ಸಂಶೋಧನೆಯಲ್ಲೇ ಉಳಿದಿದೆ. ಮನೆಯಲ್ಲಿ ಟೇಪು ಸಾಕು: ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಿದ್ದರೆ ವೈದ್ಯರನ್ನು ಕಾಣಿ. ತೂಕ ಇಳಿಸಿ, ದಿನಾ ನಡೆದವರಲ್ಲಿ ನಾಳದ ಹಿಗ್ಗು ಸುಧಾರಿಸಿದ್ದನ್ನು ಇದೇ ಪರೀಕ್ಷೆ ತೋರಿಸಿದೆ.