ಕೆಲಸ ಮೊದಲು, ಪದವಿ ಆಮೇಲೆ



ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ಮಗಳೋ ಮಗನೋ ಇರುವ ಮನೆಗಳಲ್ಲಿ ಈಗ 'ಎನ್.ಪಿ.' ಎಂಬ ಎರಡಕ್ಷರ ಕೇಳಿಬರುತ್ತಿದೆ. ನರ್ಸ್ ಪ್ರಾಕ್ಟೀಷನರ್ ಎಂಬುದರ ಚುಟುಕು ಅದು. ರೋಗಿಯನ್ನು ತಾನೇ ಪರೀಕ್ಷಿಸಿ, ಕಾಯಿಲೆ ಇಂಥದ್ದೆಂದು ನಿರ್ಧರಿಸಿ, ಔಷಧಿ ಚೀಟಿಯನ್ನೂ ಬರೆಯಬಲ್ಲ ನರ್ಸ್. ಅಮೆರಿಕದಲ್ಲಿ ಇಂಥವರು 3,85,000ಕ್ಕೂ ಹೆಚ್ಚು ಮಂದಿ ಇದ್ದಾರೆ. ಅಲ್ಲಿ ಈ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಆದರೆ ಹೆಚ್ಚಿನ ಹೊಣೆ ಹೊತ್ತ ನರ್ಸ್‌ಗಳ ಇತಿಹಾಸದ ಆರಂಭದಲ್ಲಿ ಯಾವ ಪದವಿಯೂ ಇರಲಿಲ್ಲ. ಅಲ್ಲಿ ಇದ್ದದ್ದು ಕೆಲಸ ಮಾತ್ರ.

ಮಿನ್ನೆಸೋಟಾ ರಾಜ್ಯದ ರಾಚೆಸ್ಟರ್ ಊರಿನಲ್ಲಿ ಮೇಯೋ ಸೋದರರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಸೇಂಟ್ ಮೇರೀಸ್ ಆಸ್ಪತ್ರೆಗೆ ಹೋಗೋಣ. 1890ರ ದಶಕ. ಆಗ ಅರಿವಳಿಕೆ ಕೊಡುವುದೆಂದರೆ ಯಾರಾದರೂ ಕಿರಿಯ ವೈದ್ಯರ ತಲೆಗೆ ಕಟ್ಟುವ ಕೆಲಸ. ಅವರ ಕಣ್ಣು ರೋಗಿಯ ಮೇಲಿರದೆ ಶಸ್ತ್ರಚಿಕಿತ್ಸೆ ಮಾಡುವ ಕೈಯ ಮೇಲಿರುತ್ತಿತ್ತು, ರೋಗಿ ಅಲ್ಲೇ ಸಾಯುವುದೂ ಇತ್ತು. ಮೇಯೋ ಸೋದರರು ಆ ಕೆಲಸವನ್ನು ಆಲಿಸ್ ಮಗಾ ಎಂಬ ನರ್ಸ್‌ಗೆ ವಹಿಸಿದರು. ಮುಖದ ಮೇಲಿಟ್ಟ ಬಟ್ಟೆಯ ಮುಖವಾಡಕ್ಕೆ ಆಕೆ ಈಥರನ್ನು ಹನಿಹನಿಯಾಗಿ ಬಿಡುತ್ತಿದ್ದರು. ಹನಿ ಬೀಳುತ್ತಿದ್ದಂತೆ ರೋಗಿಯೊಂದಿಗೆ ಮೆಲ್ಲಗೆ ಮಾತಾಡುತ್ತಾ, ಧೈರ್ಯ ಹೇಳುತ್ತಾ ನಿದ್ದೆಗೆ ಜಾರಿಸುತ್ತಿದ್ದರು. ಮಾತಿನಿಂದ ಭಯ ಇಳಿದರೆ ಈಥರ್ ಕಡಿಮೆ ಸಾಕು ಎಂಬುದು ಆಕೆಯ ಅನುಭವ. 1906ರಲ್ಲಿ ಆಕೆ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ಲೆಕ್ಕ ಒಪ್ಪಿಸಿದರು: 14,000ಕ್ಕೂ ಹೆಚ್ಚು ಮಂದಿಗೆ ಅರಿವಳಿಕೆ, ಅದರಿಂದಾಗಿ ಒಂದೂ ಸಾವಿಲ್ಲ.

ಕೆಲಸ ಚೆನ್ನಾಗಿ ನಡೆಯತೊಡಗಿದ ಮೇಲೆ ತಕರಾರು ಬರಲೇಬೇಕಲ್ಲ. ಲಾಸ್ ಏಂಜಲೀಸ್‌ನಲ್ಲಿ ಡ್ಯಾಗ್ಮರ್ ನೆಲ್ಸನ್ ಎಂಬ ನರ್ಸ್ ಅರಿವಳಿಕೆ ಕೊಡುತ್ತಿದ್ದುದರ ವಿರುದ್ಧ ವೈದ್ಯರು ನ್ಯಾಯಾಲಯಕ್ಕೆ ಹೋದರು. ಇದು ಪರವಾನಗಿ ಇಲ್ಲದ ವೈದ್ಯವೃತ್ತಿ ಎಂಬುದು ಅವರ ವಾದ. 1936ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಶಸ್ತ್ರಚಿಕಿತ್ಸಕರ ನಿರ್ದೇಶನದಲ್ಲಿ ಮಾಡುವ ಈ ಕೆಲಸ ನರ್ಸಿಂಗೇ ಎಂದಿತು. ನರ್ಸ್‌ಗಳು ಗೆದ್ದದ್ದು ನಿಜ. ಆದರೆ 'ನಿರ್ದೇಶನದಲ್ಲಿ' ಎಂಬ ಆ ಷರತ್ತಿನ ಜಗಳ ಇವತ್ತಿಗೂ ಮುಗಿದಿಲ್ಲ.

ಇದೇ ಕಾಲದ ಇನ್ನೊಂದು ಕಥೆ ಕೆಂಟಕಿಯ ಗುಡ್ಡಗಾಡಿನದು. ಮೇರಿ ಬ್ರೆಕಿನ್‌ರಿಜ್ ತಮ್ಮ ಇಬ್ಬರು ಮಕ್ಕಳನ್ನೂ ಕಳೆದುಕೊಂಡವರು. ನರ್ಸ್ ಆಗಿದ್ದ ಅವರು ಹೆರಿಗೆ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋದರು. ಮರಳಿ ಬಂದು 1925ರಲ್ಲಿ ಲೆಸ್ಲಿ ಕೌಂಟಿಯಲ್ಲಿ ಸೇವೆ ಆರಂಭಿಸಿದರು. ರಸ್ತೆಗಳಿಲ್ಲದ ಸೀಮೆ ಅದು. ನರ್ಸ್‌ಗಳು ಹೆರಿಗೆಯ ಸಲಕರಣೆಗಳನ್ನು ಜೀನಿನ ಚೀಲಕ್ಕೆ ತುಂಬಿಕೊಂಡು ಕುದುರೆ ಏರಿ ಹಳ್ಳ ದಾಟಿ ಹೋಗುತ್ತಿದ್ದರು. ಅವರಲ್ಲಿ ಅನೇಕರು ಬ್ರಿಟನ್ನಿನವರು. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಅವರಲ್ಲಿ ಹಲವರು ತಾಯ್ನಾಡಿಗೆ ಹೊರಟುಬಿಟ್ಟರು. ಬೇರೆ ದಾರಿ ಕಾಣದೆ ಬ್ರೆಕಿನ್‌ರಿಜ್ ತಮ್ಮದೇ ಶಾಲೆ ತೆರೆದರು. ಆ ಶಾಲೆ ಇಂದು ಫ್ರಾಂಟಿಯರ್ ನರ್ಸಿಂಗ್ ವಿಶ್ವವಿದ್ಯಾಲಯ. ಇಲ್ಲೂ ಹೆರಿಗೆ ಮೊದಲು, ಶಾಲೆ ಆಮೇಲೆ.

ವಿಶ್ವವಿದ್ಯಾಲಯದ ಒಳಗಿನಿಂದಲೇ ಹುಟ್ಟಿದ ದಾರಿಯೂ ಒಂದಿದೆ, ಮನೋರೋಗ ಶುಶ್ರೂಷೆಯದು. 1954ರಲ್ಲಿ ನ್ಯೂಜೆರ್ಸಿಯ ರಟ್‌ಗರ್ಸ್‌ನಲ್ಲಿ ಹಿಲ್ಡಗಾರ್ಡ್ ಪೆಪ್ಲಾವ್ ಆರಂಭಿಸಿದ ಸ್ನಾತಕೋತ್ತರ ಕೋರ್ಸು ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್ ಎಂಬ ವರ್ಗಕ್ಕೆ ತಳಪಾಯ ಹಾಕಿತು. ಈಕೆ ಬರೆದ ಪುಸ್ತಕ ಅಚ್ಚಾಗದೆ ಹಲವು ವರ್ಷ ಕಾದು ಕುಳಿತಿತ್ತು, 1952ರಲ್ಲಿ ಹೊರಬಂತು. ಕಾರಣ? ಜೊತೆಗೆ ಒಬ್ಬ ವೈದ್ಯರ ಹೆಸರಿರಲಿಲ್ಲ!

ಈಗ ನಮ್ಮ ಎನ್.ಪಿ.ಗೆ ಬರೋಣ. ಲೊರೆಟ್ಟಾ ಫೋರ್ಡ್ ಕೊಲರಾಡೋದ ಸಾರ್ವಜನಿಕ ಆರೋಗ್ಯ ನರ್ಸ್. ವೈದ್ಯರು ಸಿಗದ ಊರುಗಳಲ್ಲಿ ಮಕ್ಕಳ ತಪಾಸಣೆಯ ಹೊಣೆಯೆಲ್ಲ ನರ್ಸ್‌ಗಳ ಮೇಲೇ ಬೀಳುವುದನ್ನು ಹತ್ತಿರದಿಂದ ಕಂಡವರು. 1965ರಲ್ಲಿ ಮಕ್ಕಳ ತಜ್ಞ ಹೆನ್ರಿ ಸಿಲ್ವರ್ ಜೊತೆಗೂಡಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ಮೆಡಿಕೇರ್, ಮೆಡಿಕೇಡ್ ಯೋಜನೆಗಳಿಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ್ದೂ ಅದೇ ವರ್ಷ. ಹಿರಿಯರ, ಬಡವರ ಚಿಕಿತ್ಸೆಗೆ ಸರ್ಕಾರ ಹಣ ಕೊಡಲು ಮುಂದಾಯಿತು. ಆದರೆ ಚಿಕಿತ್ಸೆ ಕೊಡುವ ಕೈಗಳು ಸಾಲದಾದವು. ಹೊಸ ಹುದ್ದೆ ಬೇರೂರಿದ್ದು ಈ ಕೊರತೆಯಲ್ಲೇ.

ವಿರೋಧ ಬಂದದ್ದು ವೈದ್ಯರಿಂದ ಮಾತ್ರ ಅಂದುಕೊಳ್ಳಬೇಡಿ. ನರ್ಸಿಂಗ್‌ನ ದೊಡ್ಡ ವಿದ್ವಾಂಸೆ ಮಾರ್ಥಾ ರಾಜರ್ಸ್ ಅವರೇ ಇದನ್ನು ಒಪ್ಪಲಿಲ್ಲ. ನರ್ಸ್ ತನ್ನ ವೃತ್ತಿಯ ತಿರುಳನ್ನು ಬಿಟ್ಟು ಅರೆವೈದ್ಯಳಾಗುತ್ತಾಳೆ ಎಂಬುದು ಅವರ ಆತಂಕ. ಆ ಆತಂಕದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೂ ಜ್ವರದ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಆ ಚರ್ಚೆ ಮುಗಿಯುವ ತನಕ ಕಾಯಲು ಪುರಸೊತ್ತಿಲ್ಲ.

ಎಪ್ಪತ್ತರ ದಶಕದಲ್ಲಿ ಹುಟ್ಟಿಕೊಂಡ ಕೋರ್ಸುಗಳಲ್ಲಿ ಹೆಚ್ಚಿನವು ತಿಂಗಳುಗಳ ಲೆಕ್ಕದ ಸರ್ಟಿಫಿಕೇಟ್ ತರಬೇತಿಗಳು. 1971ರಲ್ಲಿ ಐಡಾಹೊ ರಾಜ್ಯ ಎಲ್ಲರಿಗಿಂತ ಮೊದಲು ಈ ಹುದ್ದೆಗೆ ಕಾನೂನಿನ ಮಾನ್ಯತೆ ಕೊಟ್ಟಿತು. 1974ರಲ್ಲಿ ಯೇಲ್ ವಿಶ್ವವಿದ್ಯಾಲಯ ಬೇರೆ ವಿಷಯದಲ್ಲಿ ಪದವಿ ಪಡೆದವರೂ ನೇರ ಸೇರಬಹುದಾದ 3 ವರ್ಷದ ದಾರಿ ತೆರೆಯಿತು. ಅದೇ ವರ್ಷ ಕೆನಡಾದ ಬರ್ಲಿಂಗ್‌ಟನ್‌ನಲ್ಲಿ ನಡೆದ ಅಧ್ಯಯನದ ಫಲಿತಾಂಶ ಹೊರಬಂತು: ಎನ್.ಪಿ. ನೋಡಿದ ಕುಟುಂಬಗಳ ಆರೋಗ್ಯಕ್ಕೂ ವೈದ್ಯರು ನೋಡಿದ ಕುಟುಂಬಗಳ ಆರೋಗ್ಯಕ್ಕೂ ಹೆಚ್ಚುಕಡಿಮೆ ಕಾಣಲಿಲ್ಲ. ಅಧಿಕಾರ ಹೆಚ್ಚಿದಂತೆ ಓದೂ ಹೆಚ್ಚಿತು. ತೊಂಬತ್ತರ ದಶಕದ ಹೊತ್ತಿಗೆ ಸ್ನಾತಕೋತ್ತರ ಪದವಿ ವಾಡಿಕೆಯಾಯಿತು. 1997ರ ಕಾನೂನು ಎನ್.ಪಿ.ಗಳಿಗೆ ಊರು ಯಾವುದೆಂದು ನೋಡದೆ ಮೆಡಿಕೇರ್ ಹಣ ನೇರವಾಗಿ ಸಲ್ಲುವಂತೆ ಮಾಡಿತು.

ಇಂದಿನ ದಾರಿ ಹೀಗಿದೆ. ಮೊದಲು ನರ್ಸಿಂಗ್ ಪದವಿ, ಆರ್.ಎನ್. (ನೋಂದಾಯಿತ ನರ್ಸ್) ಪರವಾನಗಿ. ನಂತರ ಎರಡು ಮೂರು ವರ್ಷದ ಎಂ.ಎಸ್.ಎನ್. ಎಂಬ ಸ್ನಾತಕೋತ್ತರ ಪದವಿ, ಇಲ್ಲವೇ ಇನ್ನೂ ಉದ್ದದ ಡಿ.ಎನ್.ಪಿ. ಎಂಬ ವೃತ್ತಿಪರ ಡಾಕ್ಟರೇಟ್. ಅದು ಪಿಎಚ್.ಡಿ.ಯಂತೆ ಸಂಶೋಧನೆಯ ಪದವಿಯಲ್ಲ, ಕನಿಷ್ಠ 1,000 ಗಂಟೆಗಳ ಪ್ರಾಯೋಗಿಕ ಕೆಲಸ ಬೇಡುವ ಪದವಿ. ಕೊನೆಗೆ ರಾಷ್ಟ್ರಮಟ್ಟದ ಪ್ರಮಾಣಪತ್ರ ಪರೀಕ್ಷೆ, ಮತ್ತೆ ರಾಜ್ಯದ ಪರವಾನಗಿ. 2015ರೊಳಗೆ ಎಲ್ಲರಿಗೂ ಡಿ.ಎನ್.ಪಿ. ಆಗಬೇಕೆಂದು ನರ್ಸಿಂಗ್ ಕಾಲೇಜುಗಳ ಒಕ್ಕೂಟ 2004ರಲ್ಲೇ ನಿರ್ಣಯ ಮಾಡಿತ್ತು. 2015 ಬಂತು, ಹೋಯಿತು, ಎಂ.ಎಸ್.ಎನ್. ಹಾಗೆಯೇ ಉಳಿಯಿತು. ಮಾತು ಉಳಿಸಿಕೊಂಡವರು ಅರಿವಳಿಕೆಯವರು ಮಾತ್ರ. 2022ರಿಂದ ಆ ವಿಭಾಗಕ್ಕೆ ಸೇರುವವರೆಲ್ಲ ಡಾಕ್ಟರೇಟ್ ಕೋರ್ಸಿಗೇ ಸೇರಬೇಕು. ಲೊರೆಟ್ಟಾ ಫೋರ್ಡ್ ಇದನ್ನೆಲ್ಲ ಕಣ್ಣಾರೆ ಕಂಡು, 2025ರ ಜನವರಿಯಲ್ಲಿ, 104ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮಲ್ಲಿ ಈ ಕಥೆ ತಲೆಕೆಳಗಾಗಿ ನಡೆಯಿತು ಎನ್ನುವುದು ನನ್ನ ಅನಿಸಿಕೆ. 1946ರಲ್ಲಿ ದೆಹಲಿಯ ಒಂದು ಕಾಲೇಜಿನಲ್ಲೂ ವೆಲ್ಲೂರಿನಲ್ಲೂ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. 1959ರಲ್ಲಿ ದೆಹಲಿಯ ಅದೇ ಕಾಲೇಜು ಎಂ.ಎಸ್ಸಿ. ತಂದಿತು. ಕೊಲರಾಡೋಗಿಂತ 6 ವರ್ಷ ಮೊದಲು! ಆದರೆ ಎಂ.ಎಸ್ಸಿ. ಮಾಡಿದವರಲ್ಲಿ ಬಹುಪಾಲು ಜನ ಹೋದದ್ದು ಪಾಠದ ಕೋಣೆಗೆ. ಹೆಚ್ಚು ಓದಿದ ನರ್ಸ್ ರೋಗಿಯಿಂದ ಹೆಚ್ಚು ದೂರ ಹೋಗುವ ವಿಚಿತ್ರ ವ್ಯವಸ್ಥೆ. ಕಳೆದ ದಶಕದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಇದನ್ನು ಸರಿಪಡಿಸಲು ಹೊರಟಿತು. ತೀವ್ರ ನಿಗಾ ಘಟಕದ ನರ್ಸ್ ಪ್ರಾಕ್ಟೀಷನರ್ ಆಗಲು 2 ವರ್ಷದ ಸ್ನಾತಕೋತ್ತರ ಕೋರ್ಸು ರೂಪಿಸಿತು. ಅದರಲ್ಲಿ ಪಾಠಕ್ಕಿಂತ ವಾರ್ಡಿನ ಡ್ಯೂಟಿಯೇ ಹೆಚ್ಚು. ಹೆರಿಗೆ ಸೇವೆಗೆಂದು 18 ತಿಂಗಳ ಇನ್ನೊಂದು ತರಬೇತಿಯೂ ಬಂತು. 1947ರ ಹಳೆಯ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯೂ ಆಯಿತು. ಇಷ್ಟಾದರೂ ಆಸ್ಪತ್ರೆಯ ಹುದ್ದೆಗಳ ಪಟ್ಟಿಯಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಹೆಸರು ಹುಡುಕಿದರೆ ಸಿಗುವುದು ಅಪರೂಪ.

ಇತ್ತ ಕರ್ನಾಟಕದ ಹಳ್ಳಿಗಳ ಉಪಕೇಂದ್ರಗಳನ್ನು ನೋಡಿ. ಬಿ.ಎಸ್ಸಿ. ನರ್ಸಿಂಗ್ ಓದಿದವರು ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳು, ಜನರ ಬಾಯಲ್ಲಿ ಸಿ.ಎಚ್.ಒ. ಬಿ.ಪಿ. ನೋಡುತ್ತಾರೆ, ಸಕ್ಕರೆ ಪರೀಕ್ಷೆ ಮಾಡುತ್ತಾರೆ, ಮಾತ್ರೆ ಎಣಿಸಿ ಕೊಡುತ್ತಾರೆ, ಕಷ್ಟವಾದರೆ ಇ-ಸಂಜೀವಿನಿ ಎಂಬ ದೂರವೈದ್ಯ ಸೇವೆಯಲ್ಲಿ ವೈದ್ಯರನ್ನು ಕರೆಯುತ್ತಾರೆ. ಕೊಲರಾಡೋದಲ್ಲಿ ಫೋರ್ಡ್ ಮಾಡಿದ ಕೆಲಸಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಆದರೆ ನೇಮಕ ಗುತ್ತಿಗೆಯ ಮೇಲೆ, ತರಬೇತಿ ಆರು ತಿಂಗಳದ್ದು. ಆ ಅನುಭವವನ್ನು ಎಣಿಕೆಗೆ ತೆಗೆದುಕೊಂಡು ಮುಂದಿನ ಪದವಿಗೆ ಕರೆದೊಯ್ಯುವ ಮೆಟ್ಟಿಲಿಲ್ಲ. ಪದವಿ ಇದ್ದವರಿಗೆ ಹುದ್ದೆಯಿಲ್ಲ, ಹುದ್ದೆಯಲ್ಲಿ ಇದ್ದವರಿಗೆ ಪದವಿಯ ದಾರಿಯಿಲ್ಲ. ಈ ಎರಡನ್ನೂ ಜೋಡಿಸಲು ಹೊಸ ಕಟ್ಟಡ ಬೇಕಿಲ್ಲ, ಒಂದು ಸರ್ಕಾರಿ ಆದೇಶ ಸಾಕು.

ವಿದೇಶಕ್ಕೆ ಹೊರಟವರಿಗೆ ಒಂದು ಮಾತು. ಜಿ.ಎನ್.ಎಂ. ಡಿಪ್ಲೊಮಾವನ್ನು ಅಮೆರಿಕದ ಸ್ನಾತಕೋತ್ತರ ಪ್ರವೇಶಕ್ಕೆ ಪದವಿಯಾಗಿ ಎಣಿಸುವುದಿಲ್ಲ. ಅದಕ್ಕೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮೊದಲು ಮುಗಿಸಿಕೊಳ್ಳಿ, ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆ ಬರೆದು ಆರ್.ಎನ್. ಆಗಿ, ಹೋಗಬೇಕೆಂದಿರುವ ರಾಜ್ಯದ ನಿಯಮವನ್ನು ಓದಿ. ಒಂದು ರಾಜ್ಯದಲ್ಲಿ ಎನ್.ಪಿ. ಸ್ವತಂತ್ರವಾಗಿ ಕ್ಲಿನಿಕ್ ನಡೆಸಬಹುದು, ಪಕ್ಕದ ರಾಜ್ಯದಲ್ಲಿ ವೈದ್ಯರ ಜೊತೆ ಒಪ್ಪಂದವಿಲ್ಲದೆ ಕೆಲಸ ಮಾಡುವಂತಿಲ್ಲ. ಇಲ್ಲೇ ಉಳಿಯುವವರು ಎಂ.ಎಸ್ಸಿ.ಗೆ ಹಣ ಕಟ್ಟುವ ಮುನ್ನ ಕಾಲೇಜಿನವರನ್ನು ಕೇಳಿ: ಇದನ್ನು ಓದಿದವರು ಕಳೆದ ವರ್ಷ ಯಾವ ವಾರ್ಡಿಗೆ, ಯಾವ ಹುದ್ದೆಗೆ, ಎಷ್ಟು ಸಂಬಳಕ್ಕೆ ಸೇರಿದರು? ಉತ್ತರ ತಡವರಿಸಿದರೆ ಸೇರಬೇಡಿ.