ಮುಳುಗಿದ ದ್ವೀಪ, ಉಳಿದ ಗೆರೆ



ನಿಮ್ಮ ಅಟ್ಲಾಸಿನಲ್ಲಿ ಬಂಗಾಳ ಕೊಲ್ಲಿಯ ಪುಟ ತೆರೆಯಿರಿ. ಭಾರತ-ಬಾಂಗ್ಲಾದೇಶ ಗಡಿಯ ಮೇಲೆ ಬೆರಳಿಟ್ಟು ದಕ್ಷಿಣಕ್ಕೆ ಬನ್ನಿ. ಸುಂದರಬನದ ಅಂಚಿನಲ್ಲಿ, ಹರಿಯಾಭಂಗ ನದಿ ಕಡಲು ಸೇರುವಲ್ಲಿ ನೆಲದ ಗಡಿ ಮುಗಿಯುತ್ತದೆ. ಮುಂದೆಲ್ಲ ನೀರು. ನೀರಿನ ಮೇಲೆ ಗಡಿಕಲ್ಲು ನೆಡುವುದು ಹೇಗೆ?

1970ರ ಭೀಕರ ಚಂಡಮಾರುತದ ನಂತರ ಈ ನದೀಮುಖದ ಎದುರು ಒಂದು ಮರಳುದಿಬ್ಬ ಕಾಣಿಸಿಕೊಂಡಿತು. ಭಾರತ ಇದನ್ನು ನ್ಯೂ ಮೂರ್ ಎಂದಿತು. ಬಾಂಗ್ಲಾದೇಶ ದಕ್ಷಿಣ ತಾಲಪಟ್ಟಿ ಎಂದಿತು. ಅಲ್ಲಿ ಮನೆಯಿಲ್ಲ, ಮನುಷ್ಯರಿಲ್ಲ. ಆದರೂ 1981ರಲ್ಲಿ ಭಾರತದ ನೌಕೆ ಅಲ್ಲಿಗೆ ಹೋಯಿತು, ಬಾಂಗ್ಲಾದೇಶ ಪ್ರತಿಭಟಿಸಿತು.

ಇಷ್ಟು ಮರಳಿಗೆ ಇಷ್ಟೇಕೆ ಜಗಳ? ಉತ್ತರ ಸಮುದ್ರ ಕಾನೂನಿನಲ್ಲಿದೆ. ತೀರದಿಂದ 12 ನಾಟಿಕಲ್ ಮೈಲಿಯವರೆಗೆ ದೇಶದ ಸಾರ್ವಭೌಮತ್ವ. 200 ನಾಟಿಕಲ್ ಮೈಲಿಯವರೆಗೆ ಮೀನು, ತೈಲ, ಅನಿಲಗಳ ಮೇಲೆ ಹಕ್ಕು. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ದಡದಲ್ಲಿ ಆರಂಭದ ಬಿಂದು ತುಸು ಸರಿದರೂ ಕಡಲಿನಲ್ಲಿ ಸಾವಿರಾರು ಚದರ ಕಿಲೋಮೀಟರ್ ಕೈ ಬದಲಾಗುತ್ತದೆ.

ಇನ್ನೊಂದು ತೊಡಕು ತೀರದ ಆಕಾರದ್ದು. ಹಾಳೆಯ ಮೇಲೆ ಒಂದು ಬಟ್ಟಲಿನ ಅಂಚು ಬರೆಯಿರಿ. ಒಂದು ಬದಿ ಭಾರತ, ಇನ್ನೊಂದು ಬದಿ ಮ್ಯಾನ್ಮಾರ್, ತಳದಲ್ಲಿ ಬಾಂಗ್ಲಾದೇಶ. ಎರಡೂ ನೆರೆಯ ತೀರಗಳಿಂದ ಸಮದೂರದ ಗೆರೆಗಳನ್ನು ಎಳೆದು ನೋಡಿ. ಗೆರೆಗಳು ಒಳಕ್ಕೆ ಬಾಗಿ, ತಳದಲ್ಲಿರುವ ದೇಶದ ಪಾಲು ಮುಂದೆ ಹೋದಂತೆ ಕಿರಿದಾಗುತ್ತದೆ. ಅಳತೆ ಸರಿಯಾಗಿಯೇ ಇದೆ, ಹಂಚಿಕೆ ನ್ಯಾಯವೇ?

ಮಾತುಕತೆಯಲ್ಲಿ ಬಗೆಹರಿಯದಾಗ, 2009ರಲ್ಲಿ ಬಾಂಗ್ಲಾದೇಶ ವಿಷಯವನ್ನು ಅಂತರರಾಷ್ಟ್ರೀಯ ಪಂಚಾಯಿತಿಗೆ ಒಯ್ದಿತು. ಮರುವರ್ಷವೇ ಒಂದು ಸ್ವಾರಸ್ಯದ ಸುದ್ದಿ ಬಂತು. ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿದ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾನಿಲಯದ ಸಮುದ್ರ ವಿಜ್ಞಾನಿಗಳು ದ್ವೀಪವೇ ಮುಳುಗಿಹೋಗಿದೆ ಎಂದರು!

ದ್ವೀಪ ಹೋಯಿತು, ವ್ಯಾಜ್ಯ ಉಳಿಯಿತು. ಪಂಚರು 2013ರಲ್ಲಿ ಸ್ಥಳವನ್ನು ಖುದ್ದಾಗಿ ನೋಡಿ ಬಂದರು. 2014ರ ಜುಲೈ 7ರಂದು ತೀರ್ಪು ಹೊರಬಿತ್ತು. ಆ ದಿಬ್ಬವನ್ನು ಅಳತೆಯ ಬಿಂದುವಾಗಿ ಅವರು ಒಪ್ಪಲಿಲ್ಲ. ಸಮದೂರದ ಗೆರೆಯನ್ನು ತಿದ್ದಿ, ವಿವಾದದ 25,602 ಚದರ ಕಿಲೋಮೀಟರಿನಲ್ಲಿ 19,467ನ್ನು ಬಾಂಗ್ಲಾದೇಶಕ್ಕೆ ಕೊಟ್ಟರು. ದ್ವೀಪವಿದ್ದ ಜಾಗ ಭಾರತದ ಕಡೆಗೆ ಬಂತು. ಐವರು ಪಂಚರಲ್ಲಿ ಭಾರತದವರಾದ ಪಿ. ಶ್ರೀನಿವಾಸ ರಾವ್ ಕೆಲವು ಅಂಶಗಳಲ್ಲಿ ಭಿನ್ನಮತ ಬರೆದರು. ಆದರೂ ಎರಡೂ ದೇಶಗಳು ತೀರ್ಪನ್ನು ಒಪ್ಪಿಕೊಂಡವು.

ಮಿತ್ರರೇ, ನಾಲ್ಕರಲ್ಲಿ ಮೂರು ಪಾಲು ಬಿಟ್ಟುಕೊಟ್ಟ ಭಾರತ ಸೋತಿತೇ? ಗಡಿ ಯಾವುದೆಂದು ತಿಳಿಯದ ಕಡಲಿನಲ್ಲಿ ಬಲೆ ಬೀಸುವ ಬೆಸ್ತನನ್ನು ನೆನೆಯಿರಿ. ಎರಡೂ ಕಡೆಯ ಕಾವಲು ನೌಕೆಗಳು ಅವನಿಗೆ ಭಯವೇ. ಈಗ ಅಲ್ಲಿ ಇಬ್ಬರೂ ಒಪ್ಪಿದ ಒಂದು ಗೆರೆಯಿದೆ. ಅದರ ಬೆಲೆಯನ್ನು ಚದರ ಕಿಲೋಮೀಟರಿನಲ್ಲಿ ಮಾತ್ರ ಅಳೆಯಬಹುದೇ? ತರಗತಿಯಲ್ಲಿ ಚರ್ಚಿಸಿ. ಚರ್ಚೆಗೆ ಮುನ್ನ ನಕ್ಷೆಯನ್ನು ಎದುರಿಗಿಟ್ಟುಕೊಳ್ಳಲು ಮರೆಯಬೇಡಿ.