ಗಿರಣಿ ಮಾರಾಟವಾದರೂ ಗಂಟು ನಮ್ಮದೇ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿ ಕೈ ಬದಲಾಗುತ್ತದೆ ಎಂಬ ಸುದ್ದಿ ಹುಟ್ಟಿದ ದಿನ ಗೇಟಿನ ಮುಂದೆ ಮೂರು ಪ್ರಶ್ನೆಗಳು ಏಳುತ್ತವೆ. ಕೆಲಸ ಉಳಿಯುತ್ತದೆಯೆ? ಸಂಬಳ ಇಳಿಯುತ್ತದೆಯೆ? ಪಿ.ಎಫ್. ಹಣ ಏನಾಗುತ್ತದೆ? ಮೊದಲಿನ ಎರಡನ್ನು ಎಲ್ಲರೂ ಗಟ್ಟಿಯಾಗಿ ಕೇಳುತ್ತಾರೆ. ಮೂರನೆಯದನ್ನು ಕೇಳುವವರು ಕಡಿಮೆ. ಇಂದು ನಾವು ಆ ಮೂರನೆಯ ಪ್ರಶ್ನೆಯನ್ನೇ ಹಿಡಿದು ನಾಲ್ಕು ಮಾತು ಹೇಳುತ್ತೇವೆ.

ವ್ಯಾಪಾರಿ ಮಿತ್ರರಿಗೆ ಇದು ಬೇಗ ತಿಳಿಯುತ್ತದೆ. ಅಂಗಡಿ ಮಾರುವಾಗ ಏನೇನು ಮಾರುತ್ತೀರಿ? ಸರಕು, ತಕ್ಕಡಿ, ಗಲ್ಲಾಪೆಟ್ಟಿಗೆ, ಬೇಕಾದರೆ ಅಂಗಡಿಯ ಹೆಸರು. ನೆರೆಮನೆಯವರು ನಂಬಿ ನಿಮ್ಮ ಹತ್ತಿರ ಇಟ್ಟ ಇಡುಗಂಟನ್ನು ಮಾರಲಾದೀತೆ? ಅದು ನಿಮ್ಮದಲ್ಲ. ಪಿ.ಎಫ್. ಸಹ ಅಂಥ ಇಡುಗಂಟು. ಗಿರಣಿಯ ನೆಲ ಮಾರಾಟವಾಗಬಹುದು, ಮಗ್ಗ ಮಾರಾಟವಾಗಬಹುದು. ಕಾರ್ಮಿಕನ ಖಾತೆ ಮಾರಾಟದ ಸರಕಲ್ಲ.

ಈ ನಿಧಿ ಯಾರೋ ದಯೆಯಿಂದ ಕೊಟ್ಟದ್ದೂ ಅಲ್ಲ. 1951ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು, 1952ರಲ್ಲಿ ಕಾಯಿದೆಯಾಯಿತು. ಮೊದಲು ಅನ್ವಯಿಸಿದ್ದು ಆರೇ ಕೈಗಾರಿಕೆಗಳಿಗೆ. ಜವಳಿ ಅವುಗಳಲ್ಲಿ ಒಂದು. ಆಗ ವಂತಿಗೆ ಶೇಕಡ ಆರೂಕಾಲು. ಈಗ ಬಹುತೇಕ ಕಡೆ ಶೇಕಡ 12; ಕಾರ್ಮಿಕನದು 12, ಮಾಲೀಕನದು 12. ತಿಂಗಳಿಗೆ 15,000 ರೂ. ಸಂಬಳವಿರುವವನ ಲೆಕ್ಕ ಹಾಕೋಣ. ಅವನಿಂದ 1,800 ರೂ., ಮಾಲೀಕನಿಂದ 1,800 ರೂ. ಮಾಲೀಕನ ಪಾಲಿನಲ್ಲಿ 1,250 ರೂ. ಪಿಂಚಣಿ ನಿಧಿಗೆ ಹೋಗುತ್ತದೆ. ಉಳಿದ 550 ಸೇರಿ ತಿಂಗಳಿಗೆ 2,350 ರೂ. ಪಿ.ಎಫ್. ಖಾತೆಗೆ ಬೀಳುತ್ತದೆ. ವರ್ಷಕ್ಕೆ 28,200. ಬಡ್ಡಿ ಬೇರೆ. ಇಪ್ಪತ್ತು ವರ್ಷ ದುಡಿದವನಿಗೆ ಇದು ಎಷ್ಟು ದೊಡ್ಡ ಗಂಟು ಎಂಬುದನ್ನು ನೀವೇ ಎಣಿಸಿಕೊಳ್ಳಿ.

ಹಳೆಯ ಮಾಲೀಕ ವಂತಿಗೆ ಕಟ್ಟದೆ ಬಾಕಿ ಉಳಿಸಿ ಹೋದರೆ? ಸಂಬಳದಲ್ಲಿ ಹಿಡಿದು ಕಟ್ಟದಿದ್ದರೆ ಅದು ನಂಬಿಕೆದ್ರೋಹದ ಅಪರಾಧ. ಬಾಕಿಯ ವಿಚಾರದಲ್ಲೂ 1952ರ ಕಾಯಿದೆಯ 17-ಬಿ ಕಲಮು ಸ್ಪಷ್ಟವಾಗಿತ್ತು. ಮಾರಾಟದ ದಿನದವರೆಗಿನ ಬಾಕಿಗೆ ಮಾರಿದವನೂ ಹೊಣೆ, ಕೊಂಡವನೂ ಹೊಣೆ. ಕೊಂಡವನ ಹೊಣೆಗೆ ಒಂದು ಮಿತಿ ಉಂಟು: ಅವನ ಕೈಗೆ ಬಂದ ಆಸ್ತಿಯ ಬೆಲೆಯಷ್ಟು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ನಿಯಮವನ್ನು ಉಳಿಸಿಕೊಂಡಿದೆ. "ಅದು ಹಳಬರ ಕಾಲದ್ದು, ನಮಗೆ ಗೊತ್ತಿಲ್ಲ" ಎಂದು ಹೊಸ ಮಾಲೀಕ ಕೈ ತೊಳೆದುಕೊಳ್ಳುವಂತಿಲ್ಲ.

ಆದರೆ ಬಂಧುಗಳೆ, ಹಕ್ಕು ಬೇರೆ, ಹಣ ಕೈಗೆ ಬರುವುದು ಬೇರೆ. ಜೆಟ್ ಏರ್‌ವೇಸ್ ಎಂಬ ವಿಮಾನ ಕಂಪನಿ 2019ರಲ್ಲಿ ನಿಂತುಹೋಯಿತು. ನೌಕರರ ಪಿ.ಎಫ್. ಮತ್ತು ಗ್ರಾಚ್ಯುಯಿಟಿ ಬಾಕಿ ಕೊಡಬೇಕೆಂದು ಕೊಳ್ಳಲು ಬಂದವರಿಗೆ ಮೇಲ್ಮನವಿ ನ್ಯಾಯಮಂಡಳಿ 2022ರ ಅಕ್ಟೋಬರಿನಲ್ಲಿ ಹೇಳಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನೌಕರರು ಗೆದ್ದರು. ಆದರೆ ಕೊಳ್ಳುವ ವ್ಯವಹಾರವೇ ಪೂರೈಸಲಿಲ್ಲ. 2024ರ ನವೆಂಬರಿನಲ್ಲಿ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಿ ಸಾಲ ತೀರಿಸಿರೆಂದು ಅದೇ ಕೋರ್ಟು ಆಜ್ಞೆ ಮಾಡಿತು. ಆದ್ದರಿಂದ ಬಾಕಿ ಇದ್ದರೆ ಅದನ್ನು ಮಾರಾಟಕ್ಕೆ ಮುಂಚೆಯೇ ಹೊರಗೆ ಎಳೆಯಬೇಕು. ಹೊಸ ಸಂಹಿತೆಯಲ್ಲಿ ಬಾಕಿಯ ವಿಚಾರಣೆ ಆರಂಭಿಸಲು ಐದು ವರ್ಷದ ಗಡುವು ಇದೆ. ತಡಮಾಡಿದರೆ "ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬಂತಾಗುತ್ತದೆ.

ಕೆಲವು ಗಿರಣಿಗಳು ಹಣವನ್ನು ಸರ್ಕಾರದ ನಿಧಿಗೆ ಕಟ್ಟದೆ, ಅನುಮತಿ ಪಡೆದು ತಮ್ಮದೇ ಟ್ರಸ್ಟಿನಲ್ಲಿ ಇಟ್ಟಿರುತ್ತವೆ. ಅಲ್ಲಿ ಇನ್ನೂ ಎಚ್ಚರ ಬೇಕು. ಇಂಗ್ಲೆಂಡಿನಲ್ಲಿ ರಾಬರ್ಟ್ ಮ್ಯಾಕ್ಸ್‌ವೆಲ್ ಎಂಬಾತ 1984ರಲ್ಲಿ ಮಿರರ್ ಪತ್ರಿಕಾ ಸಮೂಹವನ್ನು ಕೊಂಡ. ಪತ್ರಿಕೆಯ ಜತೆಗೆ ನೌಕರರ ಪಿಂಚಣಿ ನಿಧಿಯ ಹಿಡಿತವೂ ಅವನ ಕೈ ಸೇರಿತು. 1991ರಲ್ಲಿ ಅವನು ಸತ್ತ ಮೇಲೆ ನೋಡಿದರೆ ನಿಧಿಯಲ್ಲಿ 40 ಕೋಟಿ ಪೌಂಡಿಗೂ ಹೆಚ್ಚು ಹಣ ಮಾಯ! ತನ್ನ ಕಂಪನಿಗಳನ್ನು ಎತ್ತಿ ನಿಲ್ಲಿಸಲು ಅದನ್ನು ಬಳಸಿದ್ದ. ಪಾರ್ಲಿಮೆಂಟು 1995ರಲ್ಲಿ ಹೊಸ ಪಿಂಚಣಿ ಕಾಯಿದೆ ಮಾಡಿತು. ನಮ್ಮಲ್ಲಿ ಇಂಥ ಟ್ರಸ್ಟಿನ ಮಂಡಳಿಯಲ್ಲಿ ಮಾಲೀಕರ ಕಡೆಯವರಷ್ಟೇ ಕಾರ್ಮಿಕರ ಪ್ರತಿನಿಧಿಗಳೂ ಇರಬೇಕು. ಆ ಪ್ರತಿನಿಧಿಗಳು ತೋರಿಸಿದಲ್ಲಿ ರುಜು ಹಾಕಿ, ಚಹಾ ಕುಡಿದು ಎದ್ದು ಬರುವವರಾಗಬಾರದು. ಹಣ ಎಲ್ಲಿದೆ, ಎಷ್ಟಿದೆ, ಮಾರಾಟದ ನಂತರ ಯಾವ ನಿಧಿಗೆ ಹೋಗುತ್ತದೆ ಎಂದು ಲಿಖಿತವಾಗಿ ಕೇಳಬೇಕು.

ಇನ್ನು ಪ್ರತಿಯೊಬ್ಬ ಕಾರ್ಮಿಕ ಮಾಡಬೇಕಾದ ಕೆಲಸ. ಮೊದಲನೆಯದು, ಪಾಸ್‌ಬುಕ್ಕು ತೆಗೆಸಿ ಸಂಬಳದ ಚೀಟಿಗಳ ಪಕ್ಕದಲ್ಲಿಟ್ಟು ನೋಡಿ. ಚೀಟಿಯಲ್ಲಿ ಹಿಡಿದ ಹಣ ಪಾಸ್‌ಬುಕ್ಕಿನಲ್ಲಿ ಕಾಣದಿದ್ದರೆ, ಆ ತಿಂಗಳುಗಳನ್ನು ಬರೆದು ಪಿ.ಎಫ್. ಕಚೇರಿಗೆ ಅರ್ಜಿ ಕೊಡಿ. ಒಬ್ಬೊಬ್ಬರಾಗಿ ಹೋಗಬೇಡಿ, ಇಡೀ ಖಾತೆಯವರು, ಇಡೀ ಪಾಳಿಯವರು ಒಟ್ಟಾಗಿ ಹೋಗಿ.

ಎರಡನೆಯದು, 2014ರಿಂದ ಪ್ರತಿಯೊಬ್ಬ ಸದಸ್ಯನಿಗೂ ಯು.ಎ.ಎನ್. ಎಂಬ ಒಂದೇ ಸಂಖ್ಯೆ ಕೊಡುತ್ತ ಬಂದಿದ್ದಾರೆ. ಮಾಲೀಕ ಬದಲಾದರೂ ಅದು ಬದಲಾಗಬಾರದು. ಹೊಸ ಕಂಪನಿಯ ಗುಮಾಸ್ತ "ಹೊಸ ನಂಬರು ಮಾಡೋಣ" ಎಂದರೆ ಒಪ್ಪಬೇಡಿ. ಹೊಸ ಕಂಪನಿ ತನ್ನ ಸಂಕೇತದ ಕೆಳಗೆ ನಿಮ್ಮನ್ನು ಸೇರಿಸಿಕೊಂಡರೆ, ಹಳೆಯ ಖಾತೆಯ ಹಣವನ್ನೂ ಸೇವಾವಧಿಯನ್ನೂ ಹೊಸದಕ್ಕೆ ವರ್ಗ ಮಾಡಿಸಿ. ಹೆಸರು, ಹುಟ್ಟಿದ ತಾರೀಖು, ಹಳೆಯ ಕೆಲಸ ಮುಗಿದ ತಾರೀಖು ಸರಿಯಾಗಿವೆಯೆ ನೋಡಿ. ವಾರಸುದಾರರ ಹೆಸರನ್ನೂ ಬರೆಸಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಗಾಬರಿಬಿದ್ದು ಹಣ ಕೀಳಬೇಡಿ. ಪಿಂಚಣಿಗೆ ಹತ್ತು ವರ್ಷ ಸೇವೆ ಬೇಕು. ಹಳೆಯ ಗಿರಣಿಯಲ್ಲಿ ಏಳು, ಹೊಸದರಲ್ಲಿ ಮೂರು, ಕೂಡಿದರೆ ಹತ್ತಾಯಿತು. 15,000ದ ಲೆಕ್ಕದಲ್ಲಿ 58 ತುಂಬಿದ ಮೇಲೆ ತಿಂಗಳಿಗೆ ಸುಮಾರು 2,143 ರೂ., ಜೀವ ಇರುವತನಕ. ಏಳನೇ ವರ್ಷದಲ್ಲೇ ಪಿಂಚಣಿಯ ಪಾಲನ್ನು ತೆಗೆದುಕೊಂಡರೆ ಎಣಿಕೆ ಮತ್ತೆ ಒಂದರಿಂದ. ಐದು ವರ್ಷ ತುಂಬುವ ಮೊದಲು ಪಿ.ಎಫ್. ತೆಗೆದರೆ ತೆರಿಗೆಯೂ ಬೀಳಬಹುದು. ವರ್ಗ ಮಾಡಿಸಿದರೆ ಹಳೆಯ ಸೇವೆಯೂ ಆ ಐದರಲ್ಲಿ ಸೇರುತ್ತದೆ. ಕಷ್ಟವಿರುವವನಿಗೆ ಈ ಮಾತು ಕಹಿ ಎಂದು ನಮಗೆ ಗೊತ್ತು. ಮಗಳ ಮದುವೆ ಇದೆ, ಆಸ್ಪತ್ರೆ ಖರ್ಚಿದೆ, ಅಂಗಡಿಯ ಉದ್ರಿ ಇದೆ. ಆದರೂ ವೃದ್ಧಾಪ್ಯದ ಊರುಗೋಲನ್ನು ಇಂದಿನ ಒಲೆಗೆ ಹಾಕುವ ಮೊದಲು ಒಂದು ಸಲ ಲೆಕ್ಕ ಹಾಕಿ.

ನಾಲ್ಕನೆಯದು, "ರಾಜೀನಾಮೆ ಬರೆದುಕೊಡಿ, ನಾಳೆ ಹೊಸದಾಗಿ ಸೇರಿಸಿಕೊಳ್ಳುತ್ತೇವೆ" ಎಂಬ ಕಾಗದಕ್ಕೆ ಸಂಘವನ್ನು ಕೇಳದೆ ರುಜು ಹಾಕಬೇಡಿ. ಆ ಒಂದು ಸಾಲು ಗ್ರಾಚ್ಯುಯಿಟಿಯ ಸೇವೆಯನ್ನು ತುಂಡು ಮಾಡಬಹುದು.

ವ್ಯಾಪಾರಿ ಮಿತ್ರರಲ್ಲೂ ಒಂದು ವಿನಂತಿ. 20 ಮಂದಿ ದುಡಿಯುವ ಅಂಗಡಿಗೂ ಈ ಕಾನೂನು ಉಂಟು. ಸಾಲಕ್ಕೆಂದು ಯಾರ ಪಿ.ಎಫ್. ಹಣವನ್ನೂ ಮುಟ್ಟುಗೋಲು ಹಾಕುವಂತಿಲ್ಲ. ಉದ್ರಿ ತೀರಿಸಲೆಂದು ಕಾರ್ಮಿಕನನ್ನು ಪಿ.ಎಫ್. ಕಚೇರಿಗೆ ಅಟ್ಟಬೇಡಿ. ತಿಂಗಳು ತಿಂಗಳು ಪಿಂಚಣಿ ಬರುವ ಮನೆ, ಮುಂದೆಯೂ ನಿಮ್ಮ ಅಂಗಡಿಗೆ ಬರುವ ಮನೆ.

1974ರಲ್ಲಿ ಕೇಂದ್ರ ಸರ್ಕಾರ ದೇಶದ 103 ಕಾಯಿಲೆಬಿದ್ದ ಜವಳಿ ಗಿರಣಿಗಳನ್ನು ರಾಷ್ಟ್ರೀಕರಿಸಿತು. ಬೆಂಗಳೂರಿನ ಮಿನರ್ವ, ಕಲಬುರಗಿಯ ಎಂ.ಎಸ್.ಕೆ. ಅವುಗಳಲ್ಲಿದ್ದವು. ಗೇಟಿನ ಮೇಲಿನ ಫಲಕ ಅಂದೂ ಬದಲಾಯಿತು, ಇಂದೂ ಬದಲಾಗುತ್ತದೆ, ನಾಳೆಯೂ ಬದಲಾದೀತು. ಫಲಕ ಬರೆಯುವವರು ಬರೆದುಕೊಳ್ಳಲಿ. ಖಾತೆಯ ಲೆಕ್ಕವನ್ನು ನಾವು ಇಟ್ಟುಕೊಳ್ಳೋಣ. ಈ ವಾರ ಮನೆಗೆ ಹೋದವರು ಪೆಟ್ಟಿಗೆ ತೆರೆದು ಸಂಬಳದ ಚೀಟಿಗಳನ್ನು ಹೊರಗೆ ತೆಗೆಯಿರಿ. ಮುಂದಿನ ಸಭೆಗೆ ಅವುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಬನ್ನಿ.